‘ಮನೆ’ಯ ನೆತ್ತಿಯ ಚುಕ್ಕೆ

ಹಿಂದಿನಿಂದ ಯಾರೋ ಅವಳ ಕೈಯಲ್ಲಿದ್ದ ಕುಂಚವನ್ನು ಹಿಡಿದು ಮೇಲಕ್ಕೆ ಎಳೆದರು!

ಶುವಾನ್ ಬೆಚ್ಚಿದಳು. ಆದರೆ ಬೆರಳು ಸಡಿಲಿಸಲಿಲ್ಲ. ಎಳೆದವನು ಇನ್ನೊಮ್ಮೆ ಜಗ್ಗಿದ. ಕುಂಚ ಬರಲಿಲ್ಲ. ಜಗ್ಗಾಟಕ್ಕೆ ಮಸಿಯ ನಾಲ್ಕು ಹನಿ ಹಾರಿ ಅವನ ಬಿಳಿ ಅಂಗಿಯ ತೋಳಿಗೆ ಬಿದ್ದವು.

“ಭೇಷ್!” ಎಂದಿತು ಒಂದು ಗಂಡಸಿನ ದನಿ, ಅವಳ ತಲೆಯ ಮೇಲಿನಿಂದ. “ಹಿಡಿತ ಅಂದ್ರೆ ಹೀಗಿರ್ಬೇಕು. ಯಾವ ಕ್ಲಾಸಮ್ಮ ನೀನು?”

ಮೂವತ್ತು ಮಕ್ಕಳು ಒಂದು ಗಳಿಗೆ ಉಸಿರು ಬಿಗಿಹಿಡಿದರು. ಆಮೇಲೆ ಇಡೀ ಕೋಣೆ ನಗೆಯಿಂದ ಒಡೆದುಹೋಯಿತು.

ಶುವಾನ್ ಎದ್ದು ನಿಂತಳು. ಅವಳ ಎತ್ತರ ಅವನ ಗಲ್ಲದವರೆಗೆ ಬಂತು. ಅಷ್ಟೇ.

“ಕ್ಲಾಸ್ ತಗೊಳ್ಳೋದೇ ನಾನು,” ಎಂದಳು. “ಇಲ್ಲಿ ಟೀಚರ್ ನಾನು. ತಾವ್ಯಾರು?”

ಅವನ ಕಿವಿಗಳು ಕೆಂಪಾದವು. ನೋಡಿದವರಿಗೆ ಅವನ ತಪ್ಪೇನೂ ಕಾಣುತ್ತಿರಲಿಲ್ಲ. ಅವಳು ಕೂತಿದ್ದು ಕೊನೆಯ ಬೆಂಚಿನಲ್ಲಿ, ಆರನೇ ತರಗತಿಯ ಮಕ್ಕಳ ನಡುವೆ. ಚಳಿಗೆಂದು ಹಾಕಿಕೊಂಡಿದ್ದು ಯಾವುದೋ ಮಗು ಮರೆತುಹೋಗಿದ್ದ ನೀಲಿ ಯೂನಿಫಾರ್ಮ್ ಜಾಕೆಟ್ಟು. ಹಿಂದಿನಿಂದ ಬಂದು ಕುಂಚ ಎಳೆದು ಹಿಡಿತ ಪರೀಕ್ಷಿಸುವುದು ಬರವಣಿಗೆಯ ಮೇಷ್ಟ್ರುಗಳ ಹಳೇ ಪದ್ಧತಿ. ಅವನು ಬಾಗಿಲ ಹತ್ತಿರದ ಕೊನೆಯ ಬೆಂಚಿನಿಂದ ಶುರುಮಾಡಿದ್ದ.

“ಥಾನ್ ಜುವೆ,” ಎಂದ ತಡವರಿಸಿ. “ಜಿಲ್ಲಾ ಸಂಸ್ಕೃತಿ ಭವನದಿಂದ... ಇನ್ಮೇಲೆ ಬುಧವಾರ, ಶುಕ್ರವಾರ ನಾನೂ ಬರ್ತೀನಿ. ಹೆಡ್ಮಾಸ್ಟರು ಹೇಳಿಲ್ವಾ?”

“ಹೇಳಿಲ್ಲ.”

“ಮೇಷ್ಟ್ರೇ,” ಎಂದು ಮುಂದಿನ ಬೆಂಚಿನಿಂದ ದೌದೌ ಕೂಗಿದಳು. ಆ ಹುಡುಗಿಯ ನಿಜವಾದ ಹೆಸರು ಬೇರೆ; ಬಟಾಣಿ ಕಾಳಿನಂತಿದ್ದಳೆಂದು ಎಲ್ಲರಿಗೂ ದೌದೌ. “ನಮ್ ಟೀಚರ್ ಹಿಡಿದ್ರೆ ಹೇಸರಗತ್ತೆ ಎಳೆದ್ರೂ ಬಿಡಲ್ಲ! ನೀವು ಸೋತ್ರಿ!”

ಥಾನ್ ತನ್ನ ತೋಳಿನ ಮಸಿ ನೋಡಿಕೊಂಡ. “ಸೋತೆ,” ಎಂದ ಗಂಭೀರವಾಗಿ.

‘ನಗಬಾರದು... ನಗಬಾರದು ಶುವಾನ್!’ ಎಂದುಕೊಂಡಳು ಅವಳು. ಆದರೂ ನಕ್ಕುಬಿಟ್ಟಳು.

*

ಚೀನಾದ ಗಾನ್ಸು ಪ್ರಾಂತದ ಆ ಹಳದಿ ಮಣ್ಣಿನ ಬೆಟ್ಟಗಳ ಊರಿನಲ್ಲಿ ಒಂದು ಮಾತಿದೆ: ಮನೆಗೆ ಹೋದರೆ ಮೊದಲು ಮನುಷ್ಯರ ಮುಖ ನೋಡಬೇಡ, ನಡುಮನೆಯ ಗೋಡೆ ನೋಡು.

ಗೋಡೆಯ ಮೇಲೆ ಕೈಬರಹದ ಪಟ ಇರಬೇಕು. ಕಣಜದಲ್ಲಿ ಗೋಧಿ ಇಲ್ಲದಿದ್ದರೂ ಸರಿ, ಪಟ ಇಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಸಂತೆಯಲ್ಲಿ ಆಲೂಗಡ್ಡೆ ಮಾರುವ ಮುದುಕನೂ ಒಂದು ಗೆರೆ ನೋಡಿ, ಬರೆದವನಿಗೆ ಕೈ ನಡುಗಿತ್ತೋ, ಹೊಟ್ಟೆ ಹಸಿದಿತ್ತೋ ಹೇಳಬಲ್ಲ.

ಅಂಥ ಊರಿನ ಶಾಲೆಯಲ್ಲಿ ಕುಂಚ ಬರವಣಿಗೆಯ ಸಂಘ ನಡೆಸುವುದು ಹುಡುಗಾಟವೇ?

ಯಾವೋ ಶುವಾನ್‌ಗೆ ಆ ಕೆಲಸ ಸಿಕ್ಕಿದ್ದು ಅವಳು ಎಲ್ಲರಿಗಿಂತ ಹೊಸಬಳು ಎಂಬ ಕಾರಣಕ್ಕೆ. ಗುತ್ತಿಗೆಯ ಭಾಷಾ ಟೀಚರ್, ನಾಲ್ಕು ವರ್ಷದಿಂದ. ವಸಂತದ ಕೊನೆಗೆ ಕಾಯಂ ಹುದ್ದೆಯ ಸಂದರ್ಶನ. ಹೆಡ್ಮಾಸ್ಟರ್ ಚಾವ್ ಅವರ ಶಿಫಾರಸು ಬೇಕೇ ಬೇಕು. ಮಕ್ಕಳಿಗೆ ಉದ್ದ ತೋಳಿನ ಹಳೇ ಕಾಲದ ನಿಲುವಂಗಿ ತೊಡಿಸಿ, ಕುಂಚ ಹಿಡಿಸಿ, ಫೋಟೋ ತೆಗೆಸಿ ಗೇಟಿನ ಬಳಿ ‘ಪರಂಪರೆಯ ಶಾಲೆ’ ಎಂದು ಬೋರ್ಡು ಹಾಕಿಸುವುದು ಚಾವ್ ಅವರ ಆಸೆ. ಮಕ್ಕಳ ತೋಳುಗಳು ಮಸಿಯ ಬಟ್ಟಲಿಗೆ ಬಿದ್ದು ರಂಪವಾದ ಮೇಲೂ ಆ ಆಸೆ ಕಡಿಮೆಯಾಗಿರಲಿಲ್ಲ.

ಥಾನ್ ಬಂದ ಮೇಲೆ ಜಗಳ ಶುರುವಾಯಿತು.

“ಒಂದು ತಿಂಗಳು ಬರೀ ಅಡ್ಡಗೆರೆ,” ಎನ್ನುತ್ತಿದ್ದ ಅವನು. “ಬೆನ್ನು ನೆಟ್ಟಗೆ, ಪಾದ ನೆಲಕ್ಕೆ, ಉಸಿರು ನಿಧಾನ. ಅಕ್ಷರ ಆಮೇಲೆ.”

“ಒಂದು ತಿಂಗಳು ಅಡ್ಡಗೆರೆ ಎಳೆಸಿದ್ರೆ ಮಕ್ಕಳು ಅಡ್ಡದಾರಿ ಹಿಡೀತಾರೆ ಅಷ್ಟೇ! ನಿನ್ನೆ ರಾತ್ರಿ ಊಟಕ್ಕೆ ಏನಿತ್ತೋ ಅದನ್ನ ಬರೀರಿ ಅಂತೀನಿ ನಾನು. ಬರೀತಾರೆ ನೋಡಿ.”

“ಆಲೂಗಡ್ಡೆ ಪಲ್ಯ ಅಂತ ಮೂವತ್ತು ಹಾಳೆ ಬಂದಿದೆ.”

“ಊರಲ್ಲಿ ಬೆಳೆಯೋದೇ ಅದು ಮೇಷ್ಟ್ರೇ, ನಾನೇನ್ ಮಾಡ್ಲಿ?”

ಅವನು ನಗುತ್ತಿರಲಿಲ್ಲ. ಆದರೆ ಆ ಮೂವತ್ತು ಹಾಳೆಗಳನ್ನೂ ಮನೆಗೆ ಒಯ್ದು, ಚೆನ್ನಾಗಿ ಬಂದ ಒಂದೊಂದು ಅಕ್ಷರಕ್ಕೂ ಕೆಂಪು ಸುತ್ತು ಹಾಕಿ ತರುತ್ತಿದ್ದ. ಕೆಂಪು ಸುತ್ತಿಗಾಗಿ ಮಕ್ಕಳು ಪ್ರಾಣ ಬಿಡುತ್ತಿದ್ದರು.

ಒಂದು ಶುಕ್ರವಾರ ಅವಳ ಮೇಜಿನ ಮೇಲೂ ಒಂದು ಹಾಳೆ ಇತ್ತು. ಕರಿಹಲಗೆಯ ಪಕ್ಕದಲ್ಲಿ ಅವಳೇ ಬರೆದು ಅಂಟಿಸಿದ್ದ ‘ಕೈ ತೊಳೆಯಿರಿ’ ಎಂಬ ಚೀಟಿ. ಅದರಲ್ಲಿ ಒಂದೇ ಒಂದು ಚುಕ್ಕೆಗೆ ಕೆಂಪು ಸುತ್ತು.

‘ಇದೇನು... ನಾನೇನು ಆರನೇ ಕ್ಲಾಸಾ?’ ಎಂದು ಸಿಟ್ಟು ಬಂತು. ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಯಾಕೆ ಇಟ್ಟುಕೊಂಡೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ತರಗತಿ ಮುಗಿದ ಮೇಲೆ ಅಂಗಳದ ನಲ್ಲಿಯ ಬಳಿ ಇಬ್ಬರೂ ಕುಂಚಗಳನ್ನು ತೊಳೆಯುತ್ತಿದ್ದರು. ನೀರು ಮಂಜಿನಂತೆ ಕೊರೆಯುತ್ತಿತ್ತು. ಅವನು ಸದ್ದಿಲ್ಲದೆ ಅವಳ ಪಾಲಿನ ಕುಂಚಗಳನ್ನೂ ತನ್ನ ಕಡೆ ಎಳೆದುಕೊಳ್ಳುತ್ತಿದ್ದ.

“ಪ್ರಾಂತದ ಕುಂಚ ಬರಹಗಾರರ ಸಂಘಕ್ಕೆ ನಿಮ್ಮ ಅರ್ಜಿ ಹೋಗಿದೆಯಂತೆ?” ಎಂದು ಒಮ್ಮೆ ಕೇಳಿದಳು.

“ಹೂಂ. ಒಂಬತ್ತು ವರ್ಷದಿಂದ ಹಾಕ್ತಾನೇ ಇದೀನಿ. ಈ ಸಲ ಆಗಬಹುದು.”

“ಆದ್ರೆ?”

“ಆದ್ರೆ ಲಾನ್‌ಝೌನಲ್ಲಿ, ರಾಜಧಾನೀಲಿ, ಕೆಲಸ ಸಿಗುತ್ತೆ.” ಸ್ವಲ್ಪ ತಡೆದು, “ಸಿಕ್ಕಿದ್ರೂ... ಈ ನಲ್ಲಿ ಇರಲ್ಲ ಅಲ್ಲಿ,” ಎಂದ.

ಇಷ್ಟು ತಣ್ಣಗಿನ ನಲ್ಲಿಯನ್ನು ನೆನೆಸಿಕೊಳ್ಳುವವರು ಯಾರು? ಶುವಾನ್ ತಲೆ ಬಗ್ಗಿಸಿ ನೀರನ್ನೇ ನೋಡಿದಳು. ನೀರಿಗೆ ಕೈ ಮರಗಟ್ಟಿತ್ತು. ಮುಖ ಮಾತ್ರ ಬಿಸಿಯಾಗಿತ್ತು!

*

ವಸಂತಕ್ಕೆ ಶಾಲೆಯಲ್ಲಿ ಪ್ರದರ್ಶನ. ಮಕ್ಕಳ ಬರಹ, ಊರವರೆಲ್ಲ ನೋಡಲು ಬರುತ್ತಾರೆ. ಮೂವರು ತೀರ್ಪುಗಾರರು, ಥಾನ್ ಒಬ್ಬ.

ದೌದೌ ಬರೆದದ್ದು ಒಂದೇ ಅಕ್ಷರ: ‘ಮನೆ’. ಚೀನೀ ಲಿಪಿಯಲ್ಲಿ ಆ ಮಾತಿಗೆ ಒಂದೇ ಅಕ್ಷರ; ಅದಕ್ಕೊಂದು ಸೂರು, ಸೂರಿನ ನೆತ್ತಿಗೊಂದು ಚುಕ್ಕೆ. ತಲೆಯಷ್ಟೆತ್ತರ.

ಅವಳಿಗೆ ಅದು ಬರೀ ಸ್ಪರ್ಧೆಯಾಗಿರಲಿಲ್ಲ. ಅಜ್ಜ ನಿಯೂ ಅವರ ನಡುಮನೆಯ ಗೋಡೆ ಮೂರು ವರ್ಷದಿಂದ ಖಾಲಿ. ಇದ್ದ ಪಟ ಮಳೆ ಸೋರಿ ಹಾಳಾಗಿತ್ತು. “ಬೇರೆಯವರದ್ದು ಬೇಡ,” ಎಂದಿದ್ದ ಮುದುಕ. “ನನ್ನ ಮೊಮ್ಮಗಳು ಬರೆದದ್ದು ಶಾಲೆಯ ಗೋಡೆಗೆ ಏರಲಿ. ಅಲ್ಲಿಂದ ಇಳಿಸಿಕೊಂಡು ಹೋಗಿ ನಮ್ಮ ಗೋಡೆಗೆ ಏರಿಸ್ತೀನಿ.”

ಪ್ರದರ್ಶನದ ಬೆಳಿಗ್ಗೆ ಹಾಳೆಗಳನ್ನು ತೂಗುಹಾಕುವಾಗ ಶುವಾನ್ ಕಣ್ಣಿಗೆ ಬಿತ್ತು. ‘ಮನೆ’ಯ ನೆತ್ತಿಯ ಚುಕ್ಕೆ... ಬಡವಾಗಿತ್ತು. ಕುಂಚದಲ್ಲಿ ಮಸಿ ಸಾಲದೆ, ಒಣಗಿ, ಅರ್ಧಕ್ಕೇ ನಿಂತಿತ್ತು. ಉಳಿದದ್ದೆಲ್ಲ ಎಷ್ಟು ಚೆಂದ! ಸೂರು ಭದ್ರ, ಕಂಬ ನೇರ. ತಲೆಯ ಮೇಲಿನ ಆ ಒಂದು ಚುಕ್ಕೆ ಮಾತ್ರ.

ದೌದೌ ಇನ್ನೂ ಬಂದಿರಲಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಬರೆದ ಗೆರೆಯನ್ನು ತಿದ್ದಬಾರದು. ಇದು ಕುಂಚ ಹಿಡಿದವರ ಮೊದಲ ಪಾಠ, ಕೊನೆಯ ಪಾಠ. ಕೆಟ್ಟರೆ ಕೆಟ್ಟಿತು, ಇನ್ನೊಂದು ಹಾಳೆ ತಗೋ. ಶುವಾನ್ ತಾನೇ ಮಕ್ಕಳಿಗೆ ನೂರು ಸಲ ಹೇಳಿದ್ದಳು.

‘ಒಂದು ಚುಕ್ಕೆ ತಾನೇ... ಪಾಪ, ಮಗು...’

ಕುಂಚ ಅದ್ದಿದಳು. ಇಟ್ಟಳು. ಒಂದೇ ಒಂದು ಉಸಿರಿನ ಕೆಲಸ.

ಚುಕ್ಕೆ ದುಂಡಗೆ, ಕಪ್ಪಗೆ ಕೂತಿತು.

*

ಹತ್ತು ಗಂಟೆಗೆ ಜನ ತುಂಬಿದರು. ಶುವಾನ್‌ಗೆ ಅಂಗಳದಲ್ಲಿ ಅತಿಥಿಗಳಿಗೆ ಚಹಾ ಕೊಡಿಸುವ ಕೆಲಸ. ಗದ್ದಲದಲ್ಲಿ ಅವಳು ಒಳಗೆ ಬಂದಾಗ ಎಲ್ಲ ಆಗಿಹೋಗಿತ್ತು.

ಗೋಡೆಯ ನಡುವೆ ಖಾಲಿ ಜಾಗ.

‘ಮನೆ’ ಥಾನ್‌ನ ಕೈಯಲ್ಲಿತ್ತು, ಸುರುಳಿ ಸುತ್ತಿ. ಅವನ ಪಕ್ಕದಲ್ಲಿ ಬಿಗಿ ಮುಖದ ಹೆಡ್ಮಾಸ್ಟರ್ ಚಾವ್. ಮೂಲೆಯಲ್ಲಿ ದೌದೌ, ಮುಖವನ್ನು ಗೋಡೆಗೆ ಒತ್ತಿ ಅಳುತ್ತಿದ್ದಳು. ಅಜ್ಜ ಎಲ್ಲೂ ಕಾಣಲಿಲ್ಲ.

ಶುವಾನ್ ಬಾಗಿಲಲ್ಲೇ ನಿಂತಳು. ‘ಇವನಿಗೆ ಗೊತ್ತಾಗಿದೆ. ಇವನೇ ಇಳಿಸಿದ್ದಾನೆ. ಇಷ್ಟು ಜನರ ಎದುರಿಗೆ!’

“ಯಾಕೆ ಇಳಿಸಿದ್ರಿ?”

ಥಾನ್ ಅವಳನ್ನು ನೋಡಿ, ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ.

“ನಿಮ್ಮನ್ನೇ ಕೇಳ್ತಿರೋದು! ಹನ್ನೊಂದು ವರ್ಷದ ಮಗು ಅದು. ಅದರ ಮನೆ ಗೋಡೆ ಖಾಲಿ ಇದೆ ಅಂತ ನಿಮಗೂ ಗೊತ್ತು. ನಿಮಗೆ ಗೆರೆ ಮುಖ್ಯ, ನಿಯಮ ಮುಖ್ಯ... ಮನುಷ್ಯರು ಕಾಣೋದೇ ಇಲ್ವಾ?”

“ಯಾವೋ ಟೀಚರ್,” ಎಂದು ಚಾವ್ ಮಧ್ಯೆ ಬಾಯಿ ಹಾಕಿದರು, “ನಿಮಗೆ ವಿಷಯ ಗೊತ್ತಿಲ್ಲ...”

“ಹೆಡ್ಮಾಸ್ಟರೇ, ಬಿಡಿ,” ಎಂದ ಥಾನ್ ಮೆಲ್ಲಗೆ. “ಅವರು ಹೇಳೋದು ಸರಿ.”

“ಸರಿನಾ? ಹಾಗಾದ್ರೆ ಇನ್ನು ನಮ್ಮ ಮಕ್ಕಳ ಹತ್ರ ಬರಬೇಡಿ!”

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ. ತಪ್ಪು ಅವಳ ಗಂಟಲಲ್ಲೇ ಕೂತಿತ್ತು. ಅದು ಹೊರಗೆ ಬಾರದಿರಲೆಂದೇ ಅವಳು ಅಷ್ಟು ಜೋರಾಗಿ ಕೂಗಿದಳು. ಚಾವ್ ಎದುರಿಗಿದ್ದರು. ಸಂದರ್ಶನ ಎದುರಿಗಿತ್ತು.

ಥಾನ್ ಸುರುಳಿಯನ್ನು ಮೇಜಿನ ಮೇಲಿಟ್ಟು, ಅಳುತ್ತಿದ್ದ ದೌದೌಗೆ ತಲೆಬಾಗಿ, ಹೊರಟುಹೋದ.

*

ಬುಧವಾರ ಅವನು ಬರಲಿಲ್ಲ. ಶುಕ್ರವಾರವೂ ಇಲ್ಲ.

“ಥಾನ್ ಮೇಷ್ಟ್ರು ಎಲ್ಲಿ?” ಎಂದು ಮಕ್ಕಳು ಕೇಳಿದರು.

“ಅವರಾಗೇ ಬಿಟ್ಟರು. ಒಳ್ಳೇದಾಯ್ತು,” ಎಂದಷ್ಟೇ ಹೇಳಿದರು ಚಾವ್. ಹೆಚ್ಚು ಕೇಳಲು ಶುವಾನ್‌ಗೆ ಬಾಯಿ ಬರಲಿಲ್ಲ. ಕೇಳಿದರೆ ಚುಕ್ಕೆಯ ಮಾತು ಬರುತ್ತದೆ.

ಹಾಳೆಗಳಿಗೆ ಕೆಂಪು ಸುತ್ತು ಹಾಕುವವರಿರಲಿಲ್ಲ. ತಾನೇ ಹಾಕಲು ಕೂತಳು. ಎರಡು ಹಾಕಿ, ಕುಂಚ ಕೆಳಗಿಟ್ಟಳು. ‘ತಿದ್ದಿದವಳು ನಾನು... ಇನ್ನೊಬ್ಬರ ಗೆರೆ ಚೆನ್ನಾಗಿದೆ ಎನ್ನಲು ನಾನ್ಯಾರು?’

ಭಾನುವಾರ ಸಂತೆಯಲ್ಲಿ ನಿಯೂ ಅಜ್ಜ ಸಿಕ್ಕ. ಆಲೂಗಡ್ಡೆಯ ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ತಪ್ಪಿಸಿಕೊಂಡು ಹೋಗಬೇಕೆಂದುಕೊಂಡಳು. ಆಗಲಿಲ್ಲ.

“ಟೀಚರಮ್ಮ! ಏನು, ಮುಖ ತಿರುಗಿಸ್ಕೊಂಡು ಹೋಗ್ತೀಯ? ನನ್ನ ಆಲೂಗಡ್ಡೆ ನಿನಗೇನು ಮಾಡ್ತು?”

“ಹಾಗಲ್ಲ ತಾತ... ದೌದೌ ಹೇಗಿದಾಳೆ? ಆವತ್ತು ಥಾನ್ ಮೇಷ್ಟ್ರು ಹಾಗೆ ಮಾಡಬಾರದಿತ್ತು...”

“ಯಾರು? ಅವನೇನು ಮಾಡ್ದ? ಪಟ ಇಳಿಸಿದ್ದು ನಾನು.”

ಶುವಾನ್ ನಿಂತಲ್ಲೇ ನಿಂತಳು.

“ಕಿಟಕಿ ಹತ್ರ ಗಾಳಿಗೆ ಹಾಳೆ ಎದ್ದಿತ್ತು. ಹಿಂದಿನಿಂದ ಬೆಳಕು ಬಿತ್ತು. ನೋಡ್ತೀನಿ, ಚುಕ್ಕೆಗೆ ಎರಡು ಅಂಚು! ಒಣಗಿದ ಮಸಿ ಮೇಲೆ ಹಸಿ ಮಸಿ. ಬೆಳಕಿಗೆ ಹಿಡಿದ್ರೆ ಮುಚ್ಚಿಡೋಕೆ ಆಗಲ್ಲಮ್ಮ. ನನ್ನ ಮೊಮ್ಮಗಳದಲ್ಲ ಇದು, ನಮ್ಮ ಗೋಡೆಗೆ ಬೇಡ ಅಂತ ಇಳಿಸಿದೆ. ಯಾರು ತಿದ್ದಿದ್ದು ಅಂತ ಹೆಡ್ಮಾಸ್ಟರು ಕೂಗಾಡಿದ್ರು. ಆಗ ಆ ಉದ್ದನೆಯವನು ಮುಂದೆ ಬಂದ. ನಾನೇ, ನನ್ನ ಕೈ, ಅಂದ. ನನ್ನ ಮುಂದೆ ತಲೆ ಬಗ್ಗಿಸ್ದ. ಶಾಲೆ ಮಾನದ ಮಾತು, ಯಾರೂ ಹೊರಗೆ ಬಾಯಿ ಬಿಡಬೇಡಿ ಅಂದ್ರು ಹೆಡ್ಮಾಸ್ಟರು.”

“ಅವರಾ...?”

“ತೀರ್ಪುಗಾರನೇ ತಿದ್ದಿದ ಅಂದ್ರೆ ಸುಮ್ನೆ ಬಿಡ್ತಾರಾ? ಅದೆಂಥದೋ ಪ್ರಾಂತದ ಸಂಘದ ಅರ್ಜಿ ವಾಪಸ್ ಬಂತಂತೆ. ಯಾವ ಶಾಲೆಗೂ ಕಾಲಿಡಬಾರದು ಅಂತಲೂ ಆಯ್ತಂತೆ.” ಮುದುಕ ಒಂದು ಆಲೂಗಡ್ಡೆಯ ಮಣ್ಣು ಒರೆಸಿದ. “ಅರವತ್ತು ವರ್ಷದಿಂದ ಪಟ ನೋಡ್ತಿದೀನಿ ನಾನು. ವರ್ಷಗಟ್ಟಲೆ ಪಳಗಿದ ಕೈಯ ಚುಕ್ಕೆ ಅಲ್ಲ ಅದು. ಹೆದರಿದ ಕೈ, ಪ್ರೀತಿ ಇದ್ದ ಕೈ. ಸುಳ್ಳು ಹೇಳ್ತಿದಾನೆ ಅಂತ ಗೊತ್ತಾಯ್ತು. ಆದ್ರೆ ಅಷ್ಟು ನೆಟ್ಟಗೆ ನಿಂತು ಸುಳ್ಳು ಹೇಳೋನನ್ನ ನಾನು ನೋಡಿರಲಿಲ್ಲಮ್ಮ. ಬಾಯಿ ಮುಚ್ಚಿಕೊಂಡೆ.”

ಅವನು ಅವಳ ಮುಖ ನೋಡಲಿಲ್ಲ. ತಕ್ಕಡಿ ನೋಡುತ್ತಾ ಕೇಳಿದ: “ಎಷ್ಟು ಕೊಡ್ಲಿ?”

ಸಂತೆಯ ನಡುವೆ, ಆಲೂಗಡ್ಡೆಯ ರಾಶಿಯ ಮುಂದೆ, ಶುವಾನ್ ಮಂಡಿಯೂರಿ ಕೂತುಬಿಟ್ಟಳು.

“ತಾತ... ಅದು ನಾನು.”

“ಗೊತ್ತಮ್ಮ,” ಎಂದ ಮುದುಕ. “ಹೇಳಬೇಕಾದವರಿಗೆ ಹೋಗಿ ಹೇಳು. ನನಗಲ್ಲ.”

*

ಬುಧವಾರ ಸಂಸ್ಕೃತಿ ಭವನದ ಹಿಂದಿನ ಕೋಣೆಯಲ್ಲಿ ಥಾನ್ ತೋಳು ಮಡಚಿ ಹಿಟ್ಟಿನ ಅಂಟು ಹಚ್ಚುತ್ತಿದ್ದ. ಯಾರದೋ ಹರಿದ ಪಟಕ್ಕೆ ಹಿಂಬದಿಯ ಹಾಳೆ ಕೂರಿಸುವ ಕೆಲಸ. ಬಾಗಿಲಲ್ಲಿ ಅವಳನ್ನು ಕಂಡು ಕುಂಚ ಗಾಳಿಯಲ್ಲೇ ನಿಂತಿತು.

“ಯಾವೋ ಟೀಚರ್...”

“ಯಾಕೆ ಹಾಗೆ ಮಾಡಿದ್ರಿ?”

ಅವನು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಎಲ್ಲರ ಮುಂದೆ ಬೈದೆ ನಿಮ್ಮನ್ನ. ಒಂದು ಮಾತು ಹೇಳಬಹುದಿತ್ತಲ್ಲ! ‘ನೀನೇ ಮಾಡಿದ್ದು’ ಅಂತ ಒಂದೇ ಒಂದು ಮಾತು...” ಅವಳು ಮೇಜಿನ ಹತ್ತಿರ ಬಂದಳು. “ನಾನೇ ಅಂತ ಹೇಗೆ ಗೊತ್ತಾಯ್ತು? ಬೆಳಿಗ್ಗೆ ಅಲ್ಲಿ ಯಾರೂ ಇರಲಿಲ್ಲ.”

ಥಾನ್ ಅಂಟಿನ ಕುಂಚವನ್ನು ಬಟ್ಟಲಿನ ಅಂಚಿಗಿಟ್ಟ.

“ನಿಮ್ಮ ಚುಕ್ಕೆ ನನಗೆ ಗೊತ್ತು,” ಎಂದ. “ಎದ್ದು ಹೋಗಬೇಕು ಅಂತ ಹೊರಟು, ಬಾಗಿಲ ಹತ್ರ ಮನಸ್ಸು ಬದಲಾಯಿಸಿ ನಿಂತುಬಿಟ್ಟವರ ಹಾಗಿರುತ್ತೆ. ಕರಿಹಲಗೆ ಮೇಲೆ, ಹಾಜರಿ ಪುಸ್ತಕದಲ್ಲಿ, ಕೈ ತೊಳೆಯಿರಿ ಅನ್ನೋ ಚೀಟೀಲಿ... ನಾಲ್ಕು ತಿಂಗಳಿಂದ ನೋಡ್ತಿದೀನಿ. ಸಾವಿರ ಚುಕ್ಕೆ ಒಟ್ಟಿಗೆ ಹಾಕಿದ್ರೂ ಹೆಕ್ಕಿ ತೆಗೀತೀನಿ.”

ಹೊರಗೆ ಯಾವುದೋ ಟ್ರ್ಯಾಕ್ಟರ್ ಹಾದುಹೋಯಿತು. ಕಿಟಕಿಯ ಗಾಜು ಅದುರಿ ಸುಮ್ಮನಾಯಿತು.

“ಇದನ್ನ... ಮೊದಲೇ ಹೇಳಬಾರದಿತ್ತಾ?” ಎಂದಳು ಶುವಾನ್. ಕಣ್ಣೀರು ಒರೆಸಿಕೊಳ್ಳಲಿಲ್ಲ.

“ಬಾಯಲ್ಲಿ ಹೇಳೋಕೆ ಬರಲ್ಲ ನನಗೆ. ಕೆಂಪು ಸುತ್ತು ಹಾಕಿದ್ದೆ.”

“ಅದನ್ನ ನೋಡಿ ನನಗೆ ಸಿಟ್ಟು ಬಂದಿತ್ತು!”

“ಗೊತ್ತಾಯ್ತು. ಎರಡು ದಿನ ಮಾತಾಡಿಸಲಿಲ್ಲ ನೀವು.”

ಅಳುತ್ತಲೇ ಅವಳು ನಕ್ಕಳು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಕುಂಚದಲ್ಲೇ ಬರೆದಿದ್ದಳು. ಹೆಡ್ಮಾಸ್ಟರ್ ಚಾವ್ ಅವರಿಗೆ. ಪ್ರತಿ, ಪ್ರಾಂತದ ಕುಂಚ ಬರಹಗಾರರ ಸಂಘಕ್ಕೆ. ತಿದ್ದಿದ್ದು ನಾನು. ಥಾನ್ ಜುವೆ ಮುಟ್ಟಿಲ್ಲ. ಅವರ ಅರ್ಜಿ ವಾಪಸ್ ಕಳಿಸಿದ್ದು ಅನ್ಯಾಯ.

ಅವನು ಓದಿದ. ಮುಖ ಬಿಳಿಚಿತು.

“ಇದು ಬೇಡ. ಸಂದರ್ಶನ ಮುಂದಿನ ವಾರ. ಇದು ಹೋದ್ರೆ ಗುತ್ತಿಗೇನೂ ಉಳಿಯಲ್ಲ, ಶುವಾನ್.”

ಮೊದಲ ಸಲ. ಟೀಚರ್ ಇಲ್ಲದೆ, ಬರೀ ಶುವಾನ್.

“ಉಳೀದಿದ್ರೆ ಬೇಡ. ದೌದೌಗೂ ಹೇಳಿದೆ ನಿನ್ನೆ. ‘ನಿಮ್ಮ ಮೇಲೆ ಸಿಟ್ಟಿದೆ ಟೀಚರ್, ಸೋಮವಾರದ ತನಕ ಮಾತಾಡಲ್ಲ’ ಅಂದ್ಲು. ಇನ್ನೊಂದು ‘ಮನೆ’ ಬರೀತಾಳಂತೆ. ಹತ್ತು ಸಲ ಕೆಟ್ಟರೆ ಹನ್ನೊಂದು ಸಲ. ಅಷ್ಟು ಚಿಕ್ಕ ಮಗು ತಲೆ ಎತ್ತಿ ನಿಂತಿದೆ. ನಾನು ಬಗ್ಗಿಸಿಕೊಂಡು ಓಡಾಡ್ಲಾ?”

ಥಾನ್ ಮೇಜಿನ ಖಾನೆ ಎಳೆದು ಕಲ್ಲಿನ ಮೊಹರು ತೆಗೆದ. ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತಿರುಗಿಸಿದ.

“ಹಾಗಾದ್ರೆ ನನ್ನ ಮೊಹರೂ ಇರಲಿ ಕೆಳಗೆ. ಇಬ್ಬರೂ ಸೇರಿ ಮಾಡಿದ್ವಿ ಅಂತ. ಅರ್ಧ ತಪ್ಪಿಗೆ ಕೆಲಸದಿಂದ ತೆಗೆಯಲ್ಲ ಅವರು.”

“ಬೇಡ.”

“ಯೋಚನೆ ಮಾಡು...”

“ಇನ್ನೊಂದು ಸುಳ್ಳಾಗುತ್ತೆ. ಬೇಡ.” ಅವಳು ಅಂಗೈಯನ್ನು ಕಾಗದದ ಮೇಲೆ ಅಗಲಿಸಿಟ್ಟಳು. “ನಿಮ್ಮ ಹೆಸರು ನನ್ನ ಹೆಸರಿನ ಪಕ್ಕ ಬರಬೇಕು ಅಂತ ಇದ್ರೆ, ಅದಕ್ಕೆ ಬೇರೆ ಕಾಗದ ಇದೆ. ಮದುವೆ ನೋಂದಣಿ ಆಫೀಸಲ್ಲಿ.”

ಮೊಹರು ಅವನ ಬೆರಳುಗಳ ನಡುವೆ ಹಾಗೇ ಉಳಿಯಿತು. ಅವನ ಕಿವಿಗಳು ಕೆಂಪಾಗಿ, ಕುತ್ತಿಗೆಯೂ ಕೆಂಪಾಯಿತು.

“ಅಲ್ಲಿ... ಅಲ್ಲಿ ಮೊಹರು ನಡೆಯಲ್ಲ,” ಎಂದ ತೊದಲುತ್ತ. “ಹೆಬ್ಬೆಟ್ಟು ಒತ್ತಬೇಕು.”

“ವಿಚಾರಿಸಿಕೊಂಡೂ ಬಂದಿದೀರಾ!”

“ಅಣ್ಣನ ಮದುವೇಲಿ ನೋಡಿದ್ದೆ.” ತಡೆದು, “ನಾನೂ ಒಂದು ಸಲ ವಿಚಾರಿಸಿದ್ದೆ. ಚಳಿಗಾಲದಲ್ಲಿ,” ಎಂದ.

ಶುವಾನ್ ಅವನನ್ನೇ ನೋಡಿದಳು. ಅಂಟು ಮೆತ್ತಿದ್ದ ಅವನ ಕೈಯನ್ನು ಹಿಡಿದು ಒಂದು ಕ್ಷಣ ತನ್ನ ಕೆನ್ನೆಗೆ ಒತ್ತಿಕೊಂಡಳು. ಮತ್ತೆ ಕಾಗದ ಮಡಚಿ, ಚೀಲಕ್ಕಿಟ್ಟು, ಬಾಗಿಲ ಕಡೆ ನಡೆದಳು.

“ಜೊತೆಗಾದ್ರೂ ಬರ್ತೀನಿ,” ಎಂದ ಅವನು ಹಿಂದಿನಿಂದ. “ಹೆಡ್ಮಾಸ್ಟರ ಕೋಣೆ ಬಾಗಿಲ ತನಕ. ಒಳಗೆ ಬರಲ್ಲ.”

“ಬೇಡ. ಅಂಟು ಒಣಗುತ್ತೆ, ಕೆಲಸ ಮುಗಿಸಿ. ಸಂಜೆ ನಾನೇ ಬರ್ತೀನಿ.”

“ಗೇಟಿನ ತನಕ?”

“ಬೇಡ ಅಂದ್ರೆ ಬೇಡ.”